ನಮ್ಮ ಸೌತೆ ಬಳ್ಳಿಯ ಡಾಕ್ಟರುಗಳು

ಮನುಷ್ಯರಿಗೆ ಜ್ವರ ಬಂದರೆ "ಯಾವುದಕ್ಕೂ ಒಮ್ಮೆ ಡಾಕ್ಟರಿಗೆ ತೋರಿಸಿಬಿಡಿ" ಅಂತ ಎಲ್ಲರೂ ಹುಷಾರಾಗಿ ಮಾತಾಡುತ್ತಾರೆ. ಸೌತೆ ಬಳ್ಳಿಯ ಒಂದು ಎಲೆ ಹಳದಿಯಾಗಲಿ, ಆ ಹುಷಾರು ಯಾರಲ್ಲೂ ಇರುವುದಿಲ್ಲ. ಗ್ಯಾಸ್ ಸಿಲಿಂಡರ್ ತರುವವರು, ಕರೆಂಟ್ ಮೀಟರ್ ನೋಡಲು ಬಂದವರು, ಮಗನ ಟ್ಯೂಷನ್ ಮೇಷ್ಟ್ರು, ಎಲ್ಲರೂ ನಿಂತಲ್ಲೇ ಔಷಧಿ ಹೇಳುತ್ತಾರೆ. ಬಳ್ಳಿಗೆ ಬಾಯಿಲ್ಲವಲ್ಲ, ಕೊಟ್ಟಿದ್ದನ್ನೆಲ್ಲ ಕುಡಿಯುತ್ತದೆ.

ನಮ್ಮದು ಮೈಸೂರಿನಲ್ಲಿ ಬಾಡಿಗೆ ಮನೆ. ಕೆಳಗೆ ಓನರ್ ದಂಪತಿ, ಮೇಲೆ ನಾವು, ಅದರ ಮೇಲೆ ತಾರಸಿ. ಶಿವರಾತ್ರಿ ಮುಗಿಸಿ ಊರಿಂದ ಬಂದ ಅಮ್ಮ ಸೆರಗಿನ ತುದಿಯಲ್ಲಿ ಮುಳ್ಳುಸೌತೆ ಬೀಜ ಕಟ್ಟಿಕೊಂಡು ಬಂದಿದ್ದರು. ಅವರ ಪ್ರಕಾರ ಅಂಗಡಿಯ ಸೌತೆಕಾಯಿ ಅಂದರೆ ನೀರಿಗೆ ಸಿಪ್ಪೆ ಸುತ್ತಿದ್ದು. ಮಾತು ಸುಳ್ಳಲ್ಲ. ಆದರೆ ಯಾವ ಸೌತೆಕಾಯಿಯಲ್ಲಾದರೂ ನೂರಕ್ಕೆ 95 ಭಾಗ ನೀರೇ ಇರುತ್ತದೆ. ಉಳಿದ 5 ಭಾಗಕ್ಕೋಸ್ಕರ ನಮ್ಮ ಮನೆಯಲ್ಲಿ ಇಷ್ಟು ರಂಪ ಆಯಿತು.

ಪೇಂಟ್ ಬಕೆಟ್‌ಗಳ ತಳಕ್ಕೆ ತೂತು ಕೊರೆದು ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ, ತೆಂಗಿನ ನಾರಿನ ಪುಡಿ ತುಂಬಿಸಿದೆವು. ಬೀಜ ಮೊಳೆಯಿತು. ಬಳ್ಳಿ ಬಟ್ಟೆ ಒಣಗಿಸುವ ಹಗ್ಗ ಹಿಡಿದು ಹತ್ತತೊಡಗಿತು. ಅಲ್ಲಿಯವರೆಗೆ ಎಲ್ಲ ಸುಮ್ನೆ ಇದ್ದರು.

ಮೊದಲು ಬಂದವನು ಭಾವಮೈದ. ಅವನಿಗೆ ಹೊಲ ಇಲ್ಲ, ನೈಸರ್ಗಿಕ ಕೃಷಿಯ ಬಗ್ಗೆ ಅಭಿಪ್ರಾಯ ಇದೆ. ಆ ಕೃಷಿಯ ಪ್ರಚಾರಕ ಸುಭಾಷ್ ಪಾಳೇಕರ್ ಅವರ ಜೀವಾಮೃತ ಅನ್ನುವ ದ್ರವಗೊಬ್ಬರದ ಲೆಕ್ಕ ಬಾಯಿಪಾಠ. 1 ಎಕರೆಗೆ 10 ಕೆಜಿ ಸಗಣಿ, 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು, 200 ಲೀಟರ್ ನೀರು. ಇದನ್ನು ಪೇಂಟ್ ಬಕೆಟ್ ಲೆಕ್ಕಕ್ಕೆ ಇಳಿಸಲು ಫೋನ್ ತೆಗೆದು ಬಹಳ ಹೊತ್ತು ಭಾಗಾಕಾರ ಮಾಡಿದ. ಬೆಲ್ಲ ಚಿಟಿಕೆಗೂ ಕಡಿಮೆ ಬಂತು. "ಇಷ್ಟೇ ಇಷ್ಟು ಕೊಟ್ರೆ ಬಳ್ಳಿಗೆ ಅವಮಾನ ಭಾವ" ಅಂತ ಒಂದು ಇಡೀ ಅಚ್ಚು ಬೆಲ್ಲ ಹಾಕಿದ. ಬೋಂಡಾಕ್ಕೆ ಅಂತ ಇಟ್ಟಿದ್ದ ಕಡಲೆಹಿಟ್ಟೂ ಹೋಯಿತು. ಜೀವಾಮೃತದಲ್ಲಿ ಬೆಲ್ಲ ಇರುವುದು ಮಣ್ಣಿನ ಸೂಕ್ಷ್ಮಜೀವಿಗಳ ಊಟಕ್ಕೆ. ಆದರೆ ಮೈಸೂರಿನ ಇರುವೆಗಳಿಗೆ ಈ ವಿಷಯ ಯಾರೂ ತಿಳಿಸಿರಲಿಲ್ಲ. ತಾರಸಿಯಿಂದ ನಮ್ಮ ಅಡುಗೆಮನೆಯ ಸಕ್ಕರೆ ಡಬ್ಬಿಯವರೆಗೆ ನೇರ ದಾರಿ ಹಾಕಿಕೊಂಡವು.

ಭಾವಮೈದ ಮಿಕ್ಕ ಗಂಜಲವನ್ನು ಬಕೆಟ್‌ಗಳಿಗೆ ಸುರಿದು ಊರಿಗೆ ಹೋದ. ಅದೇ ಸಂಜೆ ಓನರ್ ಹೆಂಡತಿ ಪ್ರೀತಿಯಿಂದ ಬಚ್ಚಲ ಒಲೆಯ ಬೂದಿ ತಂದರು. ಅವರ ಮನೆಯಲ್ಲಿ ಇನ್ನೂ ತೆಂಗಿನ ಚಿಪ್ಪು ಉರಿಸಿಯೇ ನೀರು ಕಾಯಿಸುವುದು. ಬೂದಿ ನಿಜಕ್ಕೂ ಒಳ್ಳೆಯದು. ಪೊಟ್ಯಾಷ್ ಇದೆ, ಸುಣ್ಣದ ಅಂಶ ಇದೆ. ಎಲೆ ತಿನ್ನುವ ಕೆಂಪು ದುಂಬಿ ಬಂದರೆ ಬೆಳಿಗ್ಗೆ ಇಬ್ಬನಿ ಆರುವ ಮೊದಲು ಎಲೆ ಮೇಲೆ ಉದುರಿಸುವುದು ಹಳ್ಳಿಯಲ್ಲಿ ಹಳೆಯ ಪದ್ಧತಿ. ಆದರೆ ಹಳೆಯ ಗಂಜಲದ ಮೇಲೆ ಬೂದಿ ಬಿದ್ದರೆ ಅಮೋನಿಯಾ ಗ್ಯಾಸ್ ಏಳುತ್ತದೆ. ಬೂದಿ ಕ್ಷಾರ, ಗಂಜಲದಲ್ಲಿನ ಸಾರಜನಕವನ್ನು ಗಾಳಿಗೆ ಓಡಿಸಿಬಿಡುತ್ತದೆ. ಆ ಸಂಜೆ ತಾರಸಿಯಲ್ಲಿ ಒಣಗಿದ ಬೆಡ್‌ಶೀಟ್ ಹೊದ್ದು ಯಾರಿಗೂ ನಿದ್ದೆ ಬರಲಿಲ್ಲ.

ಇದೆಲ್ಲ ಏನೂ ಅಲ್ಲ, ಕಡಲೆಕಾಯಿ ಹಿಂಡಿಯ ಮುಂದೆ.

ಹಿಂಡಿ ಅಮ್ಮನ ಇಲಾಖೆ. ಊರಲ್ಲಿ ತೋಟದ ನಡುವೆ ಡ್ರಮ್ಮಿನಲ್ಲಿ ನೆನೆಸಿಡುತ್ತಾರೆ, ಸುತ್ತ ಅಡಿಕೆ ಮರ ಬಿಟ್ಟರೆ ಯಾರೂ ಇಲ್ಲ. ಇಲ್ಲಿ ಸುತ್ತ ಮನುಷ್ಯರಿದ್ದಾರೆ. ಬಿಸಿಲಿಗೆ ಬಕೆಟ್ ಒಳಗೆ ನೊರೆ ಬಂತು, ಗುಳ್ಳೆ ಬಂತು, ಮುಚ್ಚಳ ಕೊಂಚ ಎದ್ದು ಕೂತಿತು. ಆಮೇಲೆ ಬಂದ ವಾಸನೆಯನ್ನು ಬರೆದು ತಿಳಿಸಲು ಆಗುವುದಿಲ್ಲ. ಅಮ್ಮ ಮಾತ್ರ ಮುಚ್ಚಳ ತೆಗೆದು, ಕೋಲಿನಿಂದ ತಿರುವಿ, "ಹದ ಬಂತು" ಅಂದರು.

ಓನರ್ ಮಡಿವಂತರು, ರಿಟೈರ್ಡ್ ಮನುಷ್ಯ, ಯಾರ ತಂಟೆಗೂ ಹೋಗುವವರಲ್ಲ. ವಾಸನೆ ಎಲ್ಲಿಂದ ಅಂತ ಕೇಳುವುದು ಸಭ್ಯತೆಯಲ್ಲ ಅಂದುಕೊಂಡರೋ ಏನೋ, ಸೀದಾ ಪಿಟ್ ಕ್ಲೀನ್ ಮಾಡುವವರಿಗೆ ಫೋನ್ ಮಾಡಿದರು. ಅವರು ಬಂದು ಅಂಗಳದ ಎಲ್ಲ ಚೇಂಬರ್ ತೆಗೆದು ನೋಡಿದರು. ಪೈಪ್‌ಗಳೆಲ್ಲ ಸ್ವಚ್ಛ. ತಲೆ ಕೆರೆದುಕೊಂಡರು, ಮೂಗು ಮೇಲೆತ್ತಿದರು, ಮೆಟ್ಟಿಲು ಹತ್ತಿದರು. ನಾನು ಹಿಂದೆಯೇ ಹೋದೆ. ಅವರು ಮುಚ್ಚಳ ಎತ್ತಿ ಒಂದು ಕ್ಷಣ ನೋಡಿ, ನಗು ತಡೆಯಲಾರದೆ ಹೇಳಿದರು, "ಸಾರ್, ಇದಕ್ಕೆ ಒಂದು ಲೋಟ ಮಜ್ಜಿಗೆ ಹಾಕಿ, ವಾಸನೆ ಕಮ್ಮಿ ಆಯ್ತದೆ. ಒಂದಕ್ಕೆ ಹತ್ತು ನೀರು ಬೆರೆಸಿ ಹುಯ್ಯಿ. ಗಟ್ಟಿ ಹುಯ್ದ್ರೆ ಬೇರು ಸುಟ್ಟೋಯ್ತದೆ." ಅಲ್ಲಿಗೆ ಡಾಕ್ಟರುಗಳ ಪಟ್ಟಿಗೆ ಇನ್ನೊಬ್ಬರು ಸೇರಿದರು. ಇಷ್ಟು ಜನರಲ್ಲಿ ಫೀಸು ತಗೊಂಡವರು ಅವರೊಬ್ಬರೇ. ಓನರ್ ಆ ಬಿಲ್ಲನ್ನು ಏನೂ ಹೇಳದೆ ಮೀಟರ್ ಬೋರ್ಡಿನಲ್ಲಿ ನಮ್ಮ ಕರೆಂಟ್ ಬಿಲ್ ಪಕ್ಕ ಸಿಕ್ಕಿಸಿಟ್ಟಿದ್ದರು. ರಾತ್ರಿ ಹೆಗ್ಗಣ ಬಂದು ಹಿಂಡಿ ಚರಟಕ್ಕೋಸ್ಕರ ಒಂದು ಬಕೆಟ್ಟನ್ನು ಪೂರ್ತಿ ಅಗೆದು ಹೋಯಿತು, ಅದು ಬೇರೆ.

ಮಗ ಎಂಟನೇ ಕ್ಲಾಸು. ಬಳ್ಳಿಗೆ ಕ್ಯಾಲ್ಸಿಯಂ ಬೇಕು ಅಂತ ಅವನ ತೀರ್ಮಾನ. ನಮ್ಮ ಮನೆಯಲ್ಲಿ ಮೊಟ್ಟೆ ತರುವುದಿಲ್ಲ, ಆದ್ದರಿಂದ ಎಗ್‌ರೈಸ್ ಗಾಡಿಯವರ ಹತ್ತಿರ ಸ್ನೇಹ ಬೆಳೆಸಿ ಒಂದು ಚೀಲ ಸಿಪ್ಪೆ ತಂದ. ಮೊಟ್ಟೆ ಸಿಪ್ಪೆ ಹೆಚ್ಚುಕಮ್ಮಿ ಸುಣ್ಣದ ಕಲ್ಲೇ. ಹಾಗೇ ಒಡೆದು ಹಾಕಿದರೆ ಮಣ್ಣಿನಲ್ಲಿ ಕರಗಲು ವರ್ಷಗಟ್ಟಲೆ ಬೇಕು, ಹಿಟ್ಟಿನ ಹಾಗೆ ಪುಡಿ ಮಾಡಿದರೆ ಸ್ವಲ್ಪ ಬೇಗ. ಪುಡಿ ಮಾಡಲು ಮಿಕ್ಸಿ ಕೇಳಿದ. ಅವನಮ್ಮ ನೋಡಿದ ನೋಟಕ್ಕೆ ಚೀಲ ತಾರಸಿಯಲ್ಲೇ ಉಳಿಯಿತು. ಬೆಳಗಾಗುವಷ್ಟರಲ್ಲಿ ಕಾಗೆಗಳು ಚೀಲ ಬಿಚ್ಚಿದ್ದವು. ಓನರ್ ಸ್ನಾನ ಮುಗಿಸಿ, ಒದ್ದೆ ಪಂಚೆಯಲ್ಲಿ, ತಂಬಿಗೆ ಹಿಡಿದು ತುಳಸಿ ಕಟ್ಟೆಗೆ ಬಂದರೆ ಅಲ್ಲಿ ಅರ್ಧ ಮೊಟ್ಟೆ ಸಿಪ್ಪೆ, ಮಲ್ಲಿಗೆ ಹೂವಿನ ಪಕ್ಕ. ನಾವು ಬಾಲ್ಕನಿಯಿಂದ ಮೆಲ್ಲಗೆ ಒಳಗೆ ಸರಿದೆವು. ಅವರು ಕಾಗೆಗಳನ್ನು ಬೈದು ಮತ್ತೆ ಸ್ನಾನಕ್ಕೆ ಹೋದರು. ಚೀಲದಲ್ಲಿ ಉಳಿದಿದ್ದನ್ನು ಮಗ ಸದ್ದಿಲ್ಲದೆ ಬಕೆಟ್ ಮಣ್ಣಿನೊಳಗೆ ಹೂತ.

ಆಮೇಲೆ ಎಲೆ ಮೇಲೆ ಬಿಳಿ ಚುಕ್ಕೆ ಬಂತು. ಬೂದಿ ರೋಗ. ಇದಕ್ಕೆ ಹಾಲು ಮದ್ದು. ಇದು ಅಜ್ಜಿ ಕತೆ ಏನಲ್ಲ, ಬ್ರೆಜಿಲ್‌ನ ವಿಜ್ಞಾನಿ ವ್ಯಾಗ್ನರ್ ಬೆಟಿಯೋಲ್ ಅವರು ಸೌತೆಯ ಕುಟುಂಬಕ್ಕೇ ಸೇರಿದ ಝುಕಿನಿ ಗಿಡದ ಮೇಲೆ ಹಸುವಿನ ಹಾಲು ಸಿಂಪಡಿಸಿ ನೋಡಿ 1999ರಲ್ಲಿ ಪ್ರಕಟಿಸಿದ ಸಂಗತಿ. ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಸಿಂಪಡಿಸುತ್ತಾರೆ. ಈ ಮದ್ದನ್ನು ಹುಡುಕಿದ್ದು ನಾನು, ಆದ್ದರಿಂದ ಉಳಿದವರ ಮದ್ದಿಗಿಂತ ಇದೇ ಮೇಲು ಅಂತ ನನ್ನ ಅಭಿಪ್ರಾಯ. ತೊಂದರೆ ಒಂದೇ. ಹಾಲು ಒಣಗಿದ ಮೇಲೆ ಎಲೆ ಮೇಲೆ ಬಿಳಿ ಕಲೆ ಉಳಿಯುತ್ತದೆ. ಯಾವುದು ರೋಗ, ಯಾವುದು ಔಷಧಿ ಅಂತ ಗೊತ್ತಾಗುವುದಿಲ್ಲ. ಕನ್ನಡಕ ಹಾಕಿಕೊಂಡು ಬೆರಳಿನಿಂದ ಉಜ್ಜಿ ನೋಡಬೇಕು. ಪಕ್ಕದ ಮನೆಯ ಬೆಕ್ಕಿಗೆ ಮಾತ್ರ ಈ ಗೊಂದಲ ಇರಲಿಲ್ಲ. ಒಂದೊಂದೇ ಎಲೆ ನೆಕ್ಕಿ ತಪಾಸಣೆ ಮಾಡಿತು.

ಇಷ್ಟೆಲ್ಲ ಆದ ಮೇಲೆ ಬಳ್ಳಿ ಹೂ ಬಿಟ್ಟಿತು. ಮೈತುಂಬ ಹಳದಿ ಹೂವು. ಮಾರನೇ ದಿನ ಎಲ್ಲ ಕೆಳಗೆ. ಮತ್ತೆ ಅರಳಿತು, ಮತ್ತೆ ಉದುರಿತು. ಮನೆಯಲ್ಲಿ ಸೂತಕದ ವಾತಾವರಣ. ಹೂ ಉದುರಿದರೆ ಹುಳಿ ಮಜ್ಜಿಗೆಗೆ ಇಂಗು ಕದಡಿ ಹೊಡೆಯಬೇಕು ಅಂತ ನನ್ನ ಹೆಂಡತಿಯ ಗೆಳತಿ ಹೇಳಿದರು. ಹೊಡೆದೆವು. ತಾರಸಿ ಘಮ್ಮಂತು, ಒಗ್ಗರಣೆ ಒಂದು ಬಾಕಿ.

ಆ ಹೊತ್ತಿಗೆ ಮದುವೆ ಕಾಗದ ಕೊಡಲು ಹಾಸನದ ಕಡೆಯ ದೊಡ್ಡಪ್ಪ ಬಂದರು. ಅವರು ಗೆರ್ಕಿನ್ಸ್, ಅಂದರೆ ಉಪ್ಪಿನಕಾಯಿಯ ಮಿಡಿಸೌತೆ, ಕಂಪನಿಗೆ ಒಪ್ಪಂದದಲ್ಲಿ ಬೆಳೆದವರು. 1990ರ ದಶಕದ ಆರಂಭದಲ್ಲಿ ಈ ಬೆಳೆ ನಮ್ಮ ದೇಶದಲ್ಲಿ ಶುರುವಾಗಿದ್ದೇ ಕರ್ನಾಟಕದಲ್ಲಿ. ಬೆಳೆಯುವವರು ನಾವು, ತಿನ್ನುವವರು ಹೆಚ್ಚಾಗಿ ಹೊರದೇಶದವರು. ದೊಡ್ಡಪ್ಪ ತಾರಸಿ ಹತ್ತಿ ಮೂಗು ಅರಳಿಸಿದರು.

"ಇದ್ಯಾಕಯ್ಯ ಬಳ್ಳಿ ಮಜ್ಜಿಗೆಹುಳಿ ವಾಸ್ನೆ ಹೊಡೀತದೆ?"

ಹೇಳಿದೆವು. ಅವರು ಉದುರಿದ ಹೂವೊಂದನ್ನು ಎತ್ತಿ ತಿರುಗಿಸಿ ತೋರಿಸಿದರು. ಹಿಂದೆ ಬರೀ ತೆಳ್ಳಗಿನ ತೊಟ್ಟು. "ಇವು ಗಂಡು ಹೂವು ಕಣಯ್ಯ. ಮೊದ್ಲು ಇವೇ ಬರೋದು. ಅರಳ್ತವೆ, ಉದುರ್ತವೆ. ಅದಕ್ಯಾಕೆ ಇಂಗು?" ಆಮೇಲೆ ಎಲೆ ಸರಿಸಿ ಒಳಗಿದ್ದ ಒಂದು ಹೂ ಹುಡುಕಿದರು. ಅದರ ಹಿಂದೆ ಕಿರುಬೆರಳ ತುದಿಯಷ್ಟು ಸೌತೆಕಾಯಿ, ಮೈಮೇಲೆ ಸಣ್ಣ ಮುಳ್ಳು, ಎಲ್ಲ ಅಚ್ಚುಕಟ್ಟು. ಅದು ಹೆಣ್ಣು ಹೂ. ಬಿಸಿಲು ಜಾಸ್ತಿ ಇದ್ದರೆ ಗಂಡು ಹೂವೇ ಹೆಚ್ಚು ಬರುತ್ತವಂತೆ. ಸಾರಜನಕ ಅತಿಯಾದರೆ ಬಳ್ಳಿ ಎಲೆ ಬಿಡುತ್ತಾ ಕೂರುತ್ತದೆ. ನಮ್ಮಲ್ಲಿ ಎರಡಕ್ಕೂ ಕೊರತೆ ಇರಲಿಲ್ಲ. ಜೊತೆಗೆ ಈ ಎತ್ತರಕ್ಕೆ ಜೇನ್ನೊಣ ಬರುತ್ತಿರಲಿಲ್ಲ. ಈ ವಾಸನೆಗೆ ಯಾವ ಜೇನ್ನೊಣ ಬಂದೀತು ಅಂತ ಹೆಂಡತಿಯ ಪ್ರಶ್ನೆ.

ಮಾರನೇ ಬೆಳಿಗ್ಗೆ ಅಮ್ಮ ತಾವೇ ಮದುವೆ ದಲ್ಲಾಳಿಯ ಹಾಗೆ ಗಂಡು ಹೂವೊಂದನ್ನು ಕಿತ್ತು, ಎಸಳು ಬಿಡಿಸಿ, ಹೆಣ್ಣು ಹೂವಿನ ನಡುವೆ ಪರಾಗ ಸವರಿದರು. ಕಾಯಿ ಕಚ್ಚಿತು. ವಾರದೊಳಗೆ ಗೇಣುದ್ದ ಬೆಳೆಯಿತು.

ಕೊಯ್ದ ದಿನ ಯಾರ ಮದ್ದಿನಿಂದ ಬಂತು ಅಂತ ಊಟದ ಹೊತ್ತಿಗೆ ಜಗಳ. ಭಾವಮೈದ ಫೋನಿನಲ್ಲೇ ಜೀವಾಮೃತದ ಪರ ವಾದಿಸಿದ. ನಾನು ಬ್ರೆಜಿಲ್ ಅಂದೆ, ಯಾರೂ ಕೇಳಿಸಿಕೊಳ್ಳಲಿಲ್ಲ. ಅಮ್ಮ ತೊಟ್ಟಿನ ಕಡೆ ಬಿಲ್ಲೆ ಕತ್ತರಿಸಿ ನೊರೆ ಬರುವವರೆಗೆ ಉಜ್ಜಿದರು, ಕಹಿ ಹೋಗುತ್ತದಂತೆ. ಬಿಸಿಲಿಗೆ, ನೀರು ಏರುಪೇರಾದರೆ ಬಳ್ಳಿಯೇ ಆ ಕಹಿ ತಯಾರಿಸುತ್ತದೆ, ಅದು ತೊಟ್ಟಿನ ಕಡೆ ಜಾಸ್ತಿ. ಆ ತುದಿ ಕತ್ತರಿಸಿ ಬಿಸಾಡಿದ್ದಕ್ಕೇ ಕಹಿ ಹೋಗಿರಬೇಕು ಅಂತ ನನ್ನ ಅನುಮಾನ, ಅಮ್ಮನ ಎದುರು ಹೇಳಲಿಲ್ಲ.

ಕೋಸಂಬರಿ ಮಾಡಿ ಒಂದು ಬಟ್ಟಲು ಕೆಳಗೂ ಕೊಟ್ಟೆವು. ಓನರ್ ನಮ್ಮೆದುರೇ ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿ ಮೆಲ್ಲಗೆ ಅಗಿದರು.

"ಪೇಟೆ ಕಾಯಿಗೆ ಈ ರುಚಿ ಎಲ್ಲಿ ಬರಬೇಕು? ಎಂಥಾ ಸಾತ್ವಿಕ ಬೆಳೆ ನೋಡಿ!"

ಮಗನಿಗೆ ಕೆಮ್ಮು ಬಂತು. "ಏನು ಹಾಕಿ ಬೆಳೆಸಿದ್ರಿ?" ಅಂತ ಅವರು ಕೇಳುವಷ್ಟರಲ್ಲಿ ಹೆಂಡತಿ ಅವನ ರಟ್ಟೆ ಹಿಡಿದು ಮೆಟ್ಟಿಲು ಹತ್ತಿಯಾಗಿತ್ತು. "ಕೊಟ್ಟಿಗೆ ಗೊಬ್ಬರ" ಅಂದೆ ನಾನು.