ಹಾಸಿಗೆ ಬಟ್ಟೆಯ ಪಟ್ಟೆಗಳು

ನಾನು ಬಸ್ಸಿಗೆ ಕಾಯುವ ಜಾಗದ ಎದುರಿಗೆ ಇನ್ನೊಂದು ತಂಗುದಾಣವಿದೆ. ಅದರ ಜಾಹೀರಾತು ಫಲಕದಿಂದ ಒಡವೆ ತೊಟ್ಟ ನಟಿ ಕಳೆದ ವಾರ ಇಳಿದು ಹೋದಳು. ಈಗ ಅಲ್ಲಿರುವುದು ಬರೀ ಹಳದಿ ಹಾಳೆ, ಮೂಲೆಯಲ್ಲಿ ಬಾಡಿಗೆ ವಿಚಾರಿಸುವವರಿಗೊಂದು ಫೋನ್ ನಂಬರು. ನಟಿ ಇದ್ದಾಗ ಚಿನ್ನದ ದರ ಬೆಳಿಗ್ಗೆ ಒಂಬತ್ತಕ್ಕೇ ನೆನಪಾಗುತ್ತಿತ್ತು. ಹಳದಿ ನನ್ನ ಜೇಬಿನ ವಿಚಾರಕ್ಕೆ ಬರುವುದಿಲ್ಲ.

ಇಂಥದ್ದನ್ನು ಬೇಕೆಂದೇ ಮಾಡಿದವರು ಫ್ರಾನ್ಸಿನ ಕಲಾವಿದ ಡೇನಿಯಲ್ ಬ್ಯೂರೆನ್. 1965ರಲ್ಲಿ ಪ್ಯಾರಿಸ್ಸಿನ ಬಟ್ಟೆ ಮಾರುಕಟ್ಟೆಯೊಂದರಲ್ಲಿ ಅವರಿಗೆ ಪಟ್ಟೆ ಬಟ್ಟೆ ಸಿಕ್ಕಿತು. ಒಂದು ಬಿಳಿ, ಒಂದು ಬಣ್ಣ, ಒಂದೊಂದೂ 8.7 ಸೆಂಟಿಮೀಟರ್ ಅಗಲ. ನಮ್ಮ ಹತ್ತಿ ಹಾಸಿಗೆಯ ಬಟ್ಟೆಗೆ ದೊಡ್ಡಣ್ಣನೆನ್ನಬಹುದು. 1968ರಲ್ಲಿ ಅದೇ ಪಟ್ಟೆಗಳನ್ನು ಕಾಗದಕ್ಕಿಳಿಸಿ, ಯಾರನ್ನೂ ಕೇಳದೆ, ಊರಿನ ಜಾಹೀರಾತುಗಳ ಮೇಲೆ ಅಂಟಿಸುತ್ತ ಹೋದರು. ಹೆಸರಿಲ್ಲ, ಸಹಿಯಿಲ್ಲ. ಮರುವರ್ಷ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ದೊಡ್ಡ ಕಲಾಪ್ರದರ್ಶನ, ಇವರಿಗೆ ಕರೆಯಿಲ್ಲ. ಕರೆಯದ ಮದುವೆಗೆ ಹೊರಟ ನೆಂಟನಂತೆ ಹೋಗಿ ಅಲ್ಲಿನ ಬೀದಿಗಳಲ್ಲೂ ಅಂಟಿಸಿದರು. ಪೊಲೀಸರು ಹಿಡಿದೊಯ್ದರು. ಪಾಪ, ಪೊಲೀಸರು ದೂರಿನಲ್ಲಿ ಏನೆಂದು ಬರೆದುಕೊಂಡರೋ! ಅಶ್ಲೀಲವಲ್ಲ, ಘೋಷಣೆಯಲ್ಲ, ಬೈಗುಳವೂ ಅಲ್ಲ. ಪಟ್ಟೆ.

ನಮ್ಮಲ್ಲಿ ಈ ಆಟ ನಡೆಯುತ್ತದೆಯೇ ಎಂದು ಬಸ್ಸು ತಡವಾದಾಗಲೆಲ್ಲ ಯೋಚಿಸುತ್ತೇನೆ. ಬಿಳಿ ಕೆಂಪು ಹಚ್ಚಿದರೆ ಸುಣ್ಣ ಕೆಮ್ಮಣ್ಣು ಬಳಿದ ದೇವಸ್ಥಾನದ ಗೋಡೆಯಾಯಿತು. ಯಾರಾದರೂ ಚಪ್ಪಲಿ ಬಿಟ್ಟು ಕೈಮುಗಿದಾರು. ಹಳದಿ ಕೆಂಪಾದರೆ ನವೆಂಬರ್ ಬಂತೇ ಎಂದು ಕೇಳುತ್ತಾರೆ. ಹಸಿರೋ ಕೇಸರಿಯೋ ಆದರೆ ಯಾವ ಪಕ್ಷದವರು ಎನ್ನುತ್ತಾರೆ. ನಮ್ಮ ಬಣ್ಣಗಳಿಗೆಲ್ಲ ಆಗಲೇ ಕೆಲಸ ಸಿಕ್ಕಿಬಿಟ್ಟಿದೆ. ನನ್ನ ಹಳದಿಯನ್ನೂ ಪಕ್ಕದಲ್ಲಿ ನಿಂತ ಅಜ್ಜಿ ನಿನ್ನೆ ಅರಿಶಿನವೆಂದೇ ಕರೆದರು.

2018ರ ಆಗಸ್ಟಿನಲ್ಲಿ ಹೈಕೋರ್ಟ್ ಗದರಿದ ಮೇಲೆ ಬೆಂಗಳೂರಿನ ಫ್ಲೆಕ್ಸುಗಳು ಇಳಿದವು. ಬೀದಿಬೀದಿಯಲ್ಲಿ ಕಬ್ಬಿಣದ ಚೌಕಟ್ಟುಗಳು ಬರಿದಾಗಿ ನಿಂತು, ಒಳಗೆ ಆಕಾಶ ಮಾತ್ರ ಕಾಣುತ್ತಿತ್ತು. ಆ ನೀಲಿಯನ್ನು ಯಾವ ಪಕ್ಷದ್ದೆಂದು ಯಾರೂ ಕೇಳಿದ ನೆನಪಿಲ್ಲ.

ಇಂದು ಬೆಳಿಗ್ಗೆ ಇಬ್ಬರು ಹುಡುಗರು ಹಗ್ಗ ಹಿಡಿದು ಎದುರಿನ ತಂಗುದಾಣ ಹತ್ತಿದ್ದರು. ನನ್ನ ಬಸ್ಸು ಬರುವಷ್ಟರಲ್ಲಿ ಬೇರೊಬ್ಬ ನಟಿಯ ಒಂದು ಕಿವಿ, ಅದರ ಜುಮುಕಿ ಮಾತ್ರ ಬಂದಿತ್ತು. ಉಳಿದದ್ದು ಇನ್ನೂ ಹಳದಿಯೇ.