ಮೊದಲು ಹಿತ್ತಲ ಬಾಗಿಲು ನೋಡಿ

ಕಳೆದ ದುಗ್ಗಮ್ಮನ ಜಾತ್ರೆಯ ಹೊತ್ತಿನಲ್ಲಿ ನಮ್ಮ ಮನೆಗೆ ಕಳ್ಳರು ನುಗ್ಗಿದ್ದರು. ಇದನ್ನು ಬರೆಯೋದೇ ಬೇಡ ಅಂದುಕೊಂಡಿದ್ದೆ. ಮೊನ್ನೆ ನಮ್ಮ ಬೀದಿಯಲ್ಲಿ ಹೊಸ ಮನೆ ಕಟ್ಟಿದ ಹುಡುಗಿ "ಅಕ್ಕಾ, ಯಾವ ಅಲಾರಂ ಹಾಕ್ಸೋಣ?" ಅಂತ ಕೇಳಿದಳು. ಅವಳ ಮನೆಯ ಹಿತ್ತಲ ಬಾಗಿಲು ನೋಡಿದೆ. ಥೇಟ್ ನಮ್ಮದೇ. ಅದಕ್ಕೇ ಬರೆಯುತ್ತಿದ್ದೇನೆ.

ಆ ರಾತ್ರಿ ನಾವೆಲ್ಲ ಹಳೇ ದಾವಣಗೆರೆಯಲ್ಲಿ ಅಮ್ಮನ ಮನೆಯಲ್ಲಿದ್ದೆವು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಮನೆ ತುಂಬ ನೆಂಟರು. ವಿದ್ಯಾನಗರದ ನಮ್ಮ ಮನೆಯಲ್ಲಿ ಅಲಾರಂ ಇತ್ತು. ಅದು ಕೆಟ್ಟಿರಲಿಲ್ಲ. ಬಾಗಿಲು ತೆರೆದ ಕೂಡಲೇ ಸೈರನ್ ಕೂಗಿದೆ, ನನ್ನ ಮೊಬೈಲಿಗೆ ಕರೆಯೂ ಬಂದಿದೆ. ಉರುಮೆ ಸದ್ದಿನಲ್ಲಿ ನನಗೆ ಕೇಳಿಸಲೇ ಇಲ್ಲ. ಪಕ್ಕದ ಮನೆಯವರೂ ಜಾತ್ರೆಯಲ್ಲೇ ಇದ್ದರು. ಎದುರು ಮನೆ ಅಜ್ಜಿಗೆ ಮಾತ್ರ ಕೇಳಿಸಿತ್ತು. "ಯಾರ್ದೋ ಕಾರು ಕೂಗ್ತೈತಿ ಅಂದ್ಕಂಡೆ ಕಣವ್ವ" ಅಂದರು. ಅವರದೇನೂ ತಪ್ಪಿಲ್ಲ. ಅದಕ್ಕೂ ಮುಂಚೆ ಎಷ್ಟು ಸಲ ಅದು ಸುಮ್ನೆ ಕೂಗಿತ್ತೋ. ಬೀದಿಗೆ ಆ ಸದ್ದು ರೂಢಿಯಾಗಿಹೋಗಿತ್ತು.

ನನ್ನ ಅಜ್ಜಿ ಕೊಟ್ಟ ಬೆಳ್ಳಿ ದೀಪದ ಕಂಬ ಹೋಯಿತು. ಮಗಳ ಓಲೆ ಹೋಯಿತು. ದೀಪದ ಕಂಬ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮರುದಿನ ಬಂದ ಬಡಗಿ ಹಿತ್ತಲ ಬಾಗಿಲು ನೋಡಿ, "ಬೀಗ ಹಾಕಿದಂಗೇ ಐತಿ ನೋಡ್ರಿ ಅಕ್ಕಾ" ಅಂದರು. ನಿಜ. ಅಲ್‌ಡ್ರಾಪಿನಲ್ಲಿ, ಅಂದರೆ ಬೀಗ ಹಾಕುವ ಉದ್ದ ಚಿಲಕದಲ್ಲಿ, ಬೀಗ ಹಾಗೇ ನೇತಾಡುತ್ತಿತ್ತು. ಚೌಕಟ್ಟಿಗೆ ಬಡಿದಿದ್ದ ಕೊಂಡಿಯೇ ಸ್ಕ್ರೂ ಸಮೇತ ಕಿತ್ತು ಬಂದಿತ್ತು. ಅರ್ಧ ಇಂಚಿನ ಸ್ಕ್ರೂ! ಒಂದು ಕಬ್ಬಿಣದ ರಾಡು ಹಾಕಿ ಮೀಟಿದರೆ ಸಾಕು. ಮುಂಬಾಗಿಲಿಗೆ ತೇಗ, ಕೆತ್ತನೆ, ದುಬಾರಿ ಲಾಕು. ಹಿಂದೆ ಬರೀ ಪ್ಲೈವುಡ್ ಬಾಗಿಲು. ನಾವೆಲ್ಲ ಹೀಗೇ ಮಾಡೋದು, ಅಲ್ವಾ?

ಕಳ್ಳ ಬೀಗದ ಜೊತೆ ಜಗಳಕ್ಕೆ ಬರುವುದಿಲ್ಲ. ಎಲ್ಲಿ ಮೆತ್ತಗಿದೆಯೋ ಅಲ್ಲಿಗೆ ಬರುತ್ತಾನೆ. 2024ರ ಅಕ್ಟೋಬರ್‌ನಲ್ಲಿ ನಮ್ಮ ಜಿಲ್ಲೆಯ ನ್ಯಾಮತಿಯಲ್ಲಿ ಬ್ಯಾಂಕಿನಿಂದ 17 ಕೆ.ಜಿ.ಗೂ ಜಾಸ್ತಿ ಬಂಗಾರ ಹೋಯಿತಲ್ಲ, ಅಲ್ಲೂ ಒಳಗೆ ಬಂದದ್ದು ಕಿಟಕಿಯ ಕಬ್ಬಿಣ ಕಿತ್ತು. ಹೋಗುವಾಗ ಕ್ಯಾಮೆರಾದ ದೃಶ್ಯ ದಾಖಲಾಗುವ ಡಿವಿಆರ್ ಪೆಟ್ಟಿಗೆಯನ್ನೂ ಹೊತ್ತೊಯ್ದರು.

ಆಮೇಲೊಂದು ಭಾನುವಾರ ಮಕ್ಕಳನ್ನು ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋಗಿದ್ದೆ. ಓಬವ್ವನ ಕಿಂಡಿ ಮುಂದೆ ತುಂಬಾ ಹೊತ್ತು ನಿಂತೆ. ಕಥೆ ಎಲ್ಲರಿಗೂ ಗೊತ್ತು. ಓಬವ್ವನ ಗಂಡ ಕಹಳೆ ಊದುವವನು, ಅಂದರೆ ಕೋಟೆಯ ಅಲಾರಂ ಅವನೇ. ಹೈದರಾಲಿಯ ಸೈನಿಕರು ಬಂದಾಗ ಅವನು ಊಟಕ್ಕೆ ಕೂತಿದ್ದ. ಆ ಹೊತ್ತಿನಲ್ಲಿ ಒನಕೆ ಹಿಡಿದ ಒಬ್ಬ ಹೆಂಗಸು ಅಷ್ಟು ಜನರನ್ನು ತಡೆದದ್ದು ಹೇಗೆ? ಅವಳ ಧೈರ್ಯ ದೊಡ್ಡದು. ಜೊತೆಗೆ ಕಿಂಡಿ ಚಿಕ್ಕದು. ಒಬ್ಬೊಬ್ಬರೇ ನುಸುಳಬೇಕಿತ್ತು. ಕಹಳೆ ಕೂಗುವ ತನಕ ಆ ಕಲ್ಲು ಅವಳಿಗೆ ಸಮಯ ಕೊಟ್ಟಿತು. ನಮ್ಮ ಬಾಗಿಲು ನಮಗೆ ಒಂದು ನಿಮಿಷವನ್ನೂ ಕೊಡಲಿಲ್ಲ.

ಅಲಾರಂ ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮದು ಈಗಲೂ ಇದೆ. ಆದರೆ ಅದು ಯಾರನ್ನೋ ಕರೆಯುತ್ತದೆ, ಅಷ್ಟೇ. ಕರೆದವರು ಬರುವ ತನಕ ಬಾಗಿಲು ನಿಲ್ಲಬೇಕು. ಮೊದಲ ದುಡ್ಡು ಬಾಗಿಲಿಗೆ ಹೋಗಲಿ.

ನಾವು ಹಿಂದೆಯೂ ಗಟ್ಟಿ ಮರದ ಬಾಗಿಲು ಹಾಕಿಸಿದೆವು. ಕೊಂಡಿಗೂ ಬಿಜಾಗರಿಗೂ ಮೂರು ಇಂಚಿನ ಸ್ಕ್ರೂ. ಒಳಗೆ ಅಮ್ಮನ ಮನೆಯಲ್ಲಿರುವಂತೆ ಗೋಡೆಯಿಂದ ಗೋಡೆಗೆ ಅಡ್ಡ ಅಗಳಿ. ಮುಂದೆ ನೇತಾಡುವ ಬೀಗ ತೆಗೆಸಿ, ಬಾಗಿಲಿನಲ್ಲೇ ಕೂರುವ ಇಂಟರ್‌ಲಾಕ್ ಹಾಕಿಸಿದೆವು. ಹೊರಗಿನ ದೊಡ್ಡ ಬೀಗ "ಮನೇಲಿ ಯಾರೂ ಇಲ್ಲ" ಅಂತ ಬೀದಿಗೆಲ್ಲ ಸಾರುತ್ತದೆ. ಅಲಾರಂಗೆ ಬಾಗಿಲು ಮೀಟುವಾಗಲೇ ಕೂಗುವ ಸೆನ್ಸರ್ ಸೇರಿಸಿದೆವು. ಒಂದು ಮಾತು ಮರೆಯಬೇಡಿ. ಒಳಗಿನಿಂದಲೂ ಕೀಲಿ ಬೇಕಾಗುವ ಲಾಕು ಇದ್ದರೆ, ರಾತ್ರಿ ಕೀಲಿ ಕೈಗೆ ಸಿಗುವ ಜಾಗದಲ್ಲೇ ಇರಲಿ. ಬೆಂಕಿ ಬಿದ್ದರೆ ಹೊರಗೆ ಓಡಬೇಕು.

ಎದುರು ಮನೆ ಅಜ್ಜಿಗೆ ನಮ್ಮ ಸೈರನ್ ಒಮ್ಮೆ ಕೂಗಿಸಿ ಕೇಳಿಸಿದ್ದೇನೆ. ಅವರ ಫೋನಿನ ಪಕ್ಕ 112 ಅಂತ ದೊಡ್ಡದಾಗಿ ಬರೆದು ಅಂಟಿಸಿದ್ದೇನೆ. ಹೊಸ ಮನೆಯ ಹುಡುಗಿ ನಾಳೆ ಬಡಗಿಯನ್ನು ಕರೆಸುತ್ತಿದ್ದಾಳೆ.