ಟಾಮ್ ಹೋರನ್ ಅಂದ್ರೆ ಬರೀ 18.84 ಆವರೇಜ್ ಅಲ್ಲ ಮಾರಾಯ್ರೆ

ಐರ್ಲೆಂಡ್ ಕ್ರಿಕೆಟ್ ಅಂದ ತಕ್ಷಣ ನಮಗೆ ನೆನಪಾಗೋದು 2011ರ ವರ್ಲ್ಡ್ ಕಪ್. ಚಿನ್ನಸ್ವಾಮಿಯಲ್ಲಿ ಕೆವಿನ್ ಒಬ್ರಿಯನ್ ಕೂದ್ಲಿಗೆ ಪಿಂಕ್ ಬಣ್ಣ ಹಚ್ಕೊಂಡು ಬಂದು 50 ಬಾಲಿಗೆ ಸೆಂಚುರಿ ಚಚ್ಚಿ ಇಂಗ್ಲೆಂಡಿನ 327ನ್ನ ದಾಟಿಸಿದ್ನಲ್ಲ, ಅದು. ಅದಕ್ಕಿಂತ ಹಿಂದೆ ಅವರಿಗೆ ಕ್ರಿಕೆಟ್ಟೇ ಗೊತ್ತಿರ್ಲಿಲ್ಲ ಅನ್ನೋ ಥರ ಮಾತಾಡ್ತಾರೆ ಕೆಲವರು. ಸ್ವಾಮಿ, 1877ರಲ್ಲಿ ಮೆಲ್ಬರ್ನ್‌ನಲ್ಲಿ ನಡೆದ ಮೊಟ್ಟಮೊದಲ ಟೆಸ್ಟಲ್ಲೇ ಐರ್ಲೆಂಡಲ್ಲಿ ಹುಟ್ಟಿದ ಒಬ್ಬ ಆಡಿದ್ದ, ಆದ್ರೆ ಆಸ್ಟ್ರೇಲಿಯಾ ಪರವಾಗಿ.

ಟಾಮ್ ಹೋರನ್. 1854ರಲ್ಲಿ ಕಾರ್ಕ್ ಜಿಲ್ಲೆಯ ಮಿಡಲ್‌ಟನ್‌ನಲ್ಲಿ ಹುಟ್ಟಿದ್ದು (ವಿಸ್ಕಿ ಪ್ರಿಯರಿಗೆ ಊರಿನ ಹೆಸರು ಗೊತ್ತಿರತ್ತೆ ಬಿಡಿ). ಆಲೂಗಡ್ಡೆ ಬರಗಾಲ ಮುಗಿದು ಸ್ವಲ್ಪೇ ವರ್ಷ ಆಗಿತ್ತು, ಜನ ಹಡಗು ಹತ್ತಿ ದೇಶ ಬಿಡ್ತಾನೇ ಇದ್ರು, ಇವನ ಮನೆಯವರೂ ಹುಡುಗನ್ನ ಕಟ್ಕೊಂಡು ಮೆಲ್ಬರ್ನ್ ಸೇರಿದ್ರು. ಆ ಮೊದಲ ಟೆಸ್ಟಿನ ಎರಡನೇ ಇನಿಂಗ್ಸಲ್ಲಿ ಆಸ್ಟ್ರೇಲಿಯಾ 104ಕ್ಕೆ ಆಲೌಟ್, ಅದರಲ್ಲಿ ಹೋರನ್ನದು 20, ಅದೇ ಟಾಪ್ ಸ್ಕೋರು. ಒಟ್ಟು 15 ಟೆಸ್ಟು, ಒಂದೇ ಸೆಂಚುರಿ, ಬ್ಯಾಟಿಂಗ್ ಆವರೇಜ್ 18.84.

ಕ್ಯಾಪ್ಟನ್ ಆದ ಕಥೆ ಕೇಳಿ. 1885ರ ಜನವರಿ, ಗೇಟ್ ಕಲೆಕ್ಷನ್ನಲ್ಲಿ ಅರ್ಧ ಪಾಲು ಕೊಡಿ ಅಂತ ಇಂಗ್ಲೆಂಡ್ ವಿರುದ್ಧ ಹಿಂದಿನ ಟೆಸ್ಟ್ ಆಡಿದ್ದ ಆಸ್ಟ್ರೇಲಿಯಾದ ಹನ್ನೊಂದೂ ಜನ ಪಟ್ಟು ಹಿಡಿದ್ರು, ಅಸೋಸಿಯೇಷನ್ನವರು ಒಪ್ಪಲಿಲ್ಲ, ಪೂರ್ತಿ ಟೀಮೇ ಬದಲಾಯ್ತು! ಹೊಸ ಟೀಮಲ್ಲಿ ಒಂಬತ್ತು ಜನಕ್ಕೆ ಅದೇ ಮೊದಲ ಟೆಸ್ಟು, ಅವರನ್ನ ಕಟ್ಕೊಂಡು ಹೊರಟ ಕ್ಯಾಪ್ಟನ್ ಹೋರನ್. ತಾನು 63 ಹೊಡೆದ, ಟೀಮು ಹತ್ತು ವಿಕೆಟ್ಟಿಂದ ಸೋತಿತು. ಸ್ಟ್ರೈಕ್ ಮಾಡಿದವರ ಜಾಗಕ್ಕೆ ಹೋಗಿ ಆಡಿದ್ದು ಸರೀನಾ? ನನಗಂತೂ ಆಟಗಾರರ ಬೇಡಿಕೆ ನ್ಯಾಯ ಅಂತಾನೇ ಅನ್ಸತ್ತೆ, ಜನ ದುಡ್ಡು ಕೊಟ್ಟು ನೋಡೋಕೆ ಬರ್ತಿದ್ದಿದ್ದು ಅವರ ಆಟಾನೇ ತಾನೆ.

ಆದ್ರೆ ನಾನು ಇವನ ಫ್ಯಾನ್ ಆಗಿದ್ದು ಬ್ಯಾಟಿಂಗ್ ನೋಡಿ ಅಲ್ಲ, ಬರವಣಿಗೆಗೆ. ಆಡ್ತಾ ಇದ್ದಾಗ್ಲೇ 'ಫೆಲಿಕ್ಸ್' ಅನ್ನೋ ಹೆಸರಲ್ಲಿ 'ದಿ ಆಸ್ಟ್ರಲೇಷಿಯನ್' ವಾರಪತ್ರಿಕೆಗೆ ಕಾಲಂ ಶುರು ಮಾಡಿ ಮೂವತ್ತು ವರ್ಷಕ್ಕೂ ಮೇಲೆ ಬರೆದ. ಲಂಡನ್ನಿನ ಓವಲ್ ಮೈದಾನದ 1882ರ ಟೆಸ್ಟನ್ನೇ ತಗೊಳ್ಳಿ, ಇಂಗ್ಲೆಂಡ್-ಆಸ್ಟ್ರೇಲಿಯಾ ನಡುವಿನ ಆ್ಯಷಸ್ ಸರಣಿಯ ಹುಟ್ಟಿಗೆ ಕಾರಣ ಆಗಿದ್ದು. ಗೆಲ್ಲೋಕೆ ಬೇಕಿದ್ದು 85, ಆಸ್ಟ್ರೇಲಿಯಾದ ಬೌಲರ್ ಸ್ಪಾಫರ್ತ್ ಹೊಡೆತಕ್ಕೆ ಇಂಗ್ಲೆಂಡ್ 77ಕ್ಕೆ ಮಟಾಷ್. ಹೋರನ್ ಆ ಮ್ಯಾಚಲ್ಲಿ ಹೊಡೆದಿದ್ದು 3 ಮತ್ತು 2, ಅಷ್ಟೇ! ಆದ್ರೆ ಟೆನ್ಷನ್ ತಡೀಲಾರದೆ ಪ್ರೇಕ್ಷಕನೊಬ್ಬ ಕೊಡೆ ಹಿಡಿ ಕಚ್ಚಿ ತಿಂದಿದ್ದು, ಸ್ಕೋರರ್ ಕೈ ನಡುಗಿ ಕೊನೇ ಬ್ಯಾಟ್ಸ್‌ಮನ್ ಪೀಟ್ ಹೆಸರು 'ಗೀಸ್' (ಇಂಗ್ಲಿಷಲ್ಲಿ ಹೆಬ್ಬಾತುಗಳು) ಥರ ಕಾಣೋ ಹಾಗೆ ಬರೆದಿದ್ದು, ಇದೆಲ್ಲ ನಮಗೆ ಸಿಕ್ಕಿರೋದು ಇವನ ಪೆನ್ನಿಂದ. ಈಗಿನ ಎಕ್ಸ್-ಕ್ರಿಕೆಟರ್‌ಗಳ ಕಾಲಂ ಓದಿದ್ರೆ ಪ್ರೆಸ್ ನೋಟ್ ಓದಿದ ಹಾಗಿರತ್ತೆ, ಹೆಸರು ಹೇಳಲ್ಲ.

ಹೋರನ್ ತೀರ್ಕೊಂಡಿದ್ದು 1916ರ ಏಪ್ರಿಲಲ್ಲಿ, ಡಬ್ಲಿನ್ನಲ್ಲಿ ಬ್ರಿಟಿಷರ ವಿರುದ್ಧ ಈಸ್ಟರ್ ದಂಗೆ ಏಳೋಕೆ ಒಂದು ವಾರ ಮುಂಚೆ. ಅವನು ಹುಟ್ಟಿದ ದೇಶ ತನ್ನ ಹೆಸರಲ್ಲಿ ಟೆಸ್ಟ್ ಆಡೋಕೆ 2018 ಬರಬೇಕಾಯ್ತು. ಹಾಗಾಗಿ ಅವನು ಐರಿಶ್ಶಾ ಆಸ್ಟ್ರೇಲಿಯನ್ನಾ ಅಂತ ಕಾಮೆಂಟಲ್ಲಿ ಜಗಳ ಆಡ್ಬೇಡಿ, ಪಾಪ ಅವನಿಗೆ ಆಯ್ಕೆ ಎಲ್ಲಿತ್ತು. ಅವನ ಕಾಲಂ ಓದ್ಬೇಕು ಅನ್ನೋರಿಗೆ ಆಸ್ಟ್ರೇಲಿಯಾದ ನ್ಯಾಷನಲ್ ಲೈಬ್ರರಿಯ 'ಟ್ರೋವ್' ಸೈಟಲ್ಲಿ ಆ ಹಳೇ ಪತ್ರಿಕೆ ಫ್ರೀಯಾಗಿ ಸಿಗತ್ತೆ. ಅಕ್ಷರ ಸಣ್ಣದು, ಮೊಬೈಲಲ್ಲಿ ಓದೋಕೆ ಹೋಗ್ಬೇಡಿ.